ಪುಟ ತಿರುವುವ ಕೈ: ವೇದಿಕೆಯ ಮೇಲೆ ಟ್ಯಾಬ್ಲೆಟ್ ನೋಡಿ ನುಡಿಸುವ ಬಗ್ಗೆ

ಹಾರ್ಮೋನಿಯಂ ನುಡಿಸುವವರ ಬಲಗೈ ಸ್ವರದ ಮನೆಗಳ ಮೇಲಿರುತ್ತದೆ, ಎಡಗೈ ತಿದಿಯ ಮೇಲಿರುತ್ತದೆ. ಹಾಡು ಎರಡನೆಯ ಚರಣಕ್ಕೆ ಬಂತು, ಆ ಚರಣ ಮುಂದಿನ ಪುಟದಲ್ಲಿದೆ. ಈಗ ಪುಟ ತಿರುವುವವರು ಯಾರು? ಇಲ್ಲಿ ಕೂತಿರುವವರಲ್ಲಿ ಅರ್ಧದಷ್ಟು ಜನ ಹಾರ್ಮೋನಿಯಮ್ಮೋ ಕೀಬೋರ್ಡೋ ನುಡಿಸುವವರು, ನಿಮಗೆ ಉತ್ತರ ಗೊತ್ತು. ತಿದಿಯನ್ನು ಜೋರಾಗಿ ಒಂದೆರಡು ಸಲ ಒತ್ತಿ ಗಾಳಿ ತುಂಬಿಸಿಕೊಂಡು, ಆ ಗಾಳಿ ಮುಗಿಯುವುದರೊಳಗೆ ಎಡಗೈ ಹಾಕಿ ಪುಟ ಎಳೆಯುತ್ತೇವೆ. ಒಂದು ಹಾಳೆ ಎಳೆಯಲು ಹೋದರೆ ಎರಡು ಬರುತ್ತವೆ. ಅಷ್ಟರಲ್ಲಿ ಗಾಯಕಿ ಚರಣದ ಮೊದಲ ಸಾಲು ಎತ್ತಿಕೊಂಡಾಗಿರುತ್ತದೆ, ನಾವು ಬರೀ ಷಡ್ಜ ಹಿಡಿದುಕೊಂಡು ಕೂತಿರುತ್ತೇವೆ.

ಸುಗಮ ಸಂಗೀತದ ತಂಡಗಳಲ್ಲಿ ಇಪ್ಪತ್ತೈದು ವರ್ಷ ನುಡಿಸಿದ್ದೇನೆ. ಅದರಲ್ಲಿ ಮೊದಲ ಹದಿನೇಳು ವರ್ಷ ಕಾಗದ, ಆಮೇಲಿನ ಎಂಟು ವರ್ಷ ಟ್ಯಾಬ್ಲೆಟ್. ಇವತ್ತು ನಾನು ಹೇಳಬೇಕೆಂದಿರುವುದು ಯಾವ ಟ್ಯಾಬ್ಲೆಟ್ ಒಳ್ಳೆಯದು ಎಂದಲ್ಲ. ಪುಟ ತಿರುವುವುದು ನುಡಿಸಾಣಿಕೆಯ ಒಂದು ಭಾಗ, ಅದನ್ನೂ ಕೂತು ಅಭ್ಯಾಸ ಮಾಡಬೇಕು ಎನ್ನುವುದು ನನಗೆ ತಡವಾಗಿ ಅರ್ಥವಾಯಿತು. ಆ ಅಭ್ಯಾಸ ಹೇಗೆ ಎಂಬುದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತೇನೆ.

ಕಾಗದ ಬಿಟ್ಟಿದ್ದು ಯಾಕೆ ಎಂದು ಮೊದಲು ಹೇಳಿಬಿಡುತ್ತೇನೆ. ಗಣೇಶೋತ್ಸವದ ಪೆಂಡಾಲು, ರಾತ್ರಿ ಎಂಟೂವರೆ, ಮಳೆ ಬರುವ ಮುಂಚಿನ ಗಾಳಿ. ನನ್ನ ಹಾಳೆಗಳಿಗೆಲ್ಲ ಬಟ್ಟೆಗೆ ಹಾಕುವ ಕ್ಲಿಪ್ಪು ಹಾಕಿದ್ದೆ. ಪುಟ ತಿರುವಬೇಕಾದರೆ ಕ್ಲಿಪ್ಪು ತೆಗೆಯಬೇಕು. ತೆಗೆದೆ. ಆ ಕ್ಷಣಕ್ಕೇ ಗಾಳಿ ಬೀಸಿತು. ಎರಡನೆಯ ಬಿಜಿಎಂ, ಅಂದರೆ ಚರಣಗಳ ನಡುವೆ ಬರುವ ವಾದ್ಯಸಂಗೀತ, ಬರೆದಿದ್ದ ಹಾಳೆ ಎದ್ದು ರಿದಂ ಪ್ಯಾಡಿನವರ ಮೇಲಿಂದ ಹಾರಿ ವೇದಿಕೆಯ ಕೆಳಗೆ ಹೋಯಿತು. ಒಬ್ಬ ಪುಟ್ಟ ಹುಡುಗ ಅದನ್ನು ಹೆಕ್ಕಿಕೊಂಡು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತ. ಆ ಮುಖ ನನಗಿನ್ನೂ ನೆನಪಿದೆ. ಪಾಪ, ಹಾಡು ಮುಗಿಯುವವರೆಗೂ ಹಾಗೇ ಹಿಡಿದುಕೊಂಡಿದ್ದ. ಕೊಳಲಿನವರು ತಮಗೆ ತೋಚಿದ ಒಂದು ಬಿಟ್ ನುಡಿಸಿ ನನ್ನ ಮರ್ಯಾದೆ ಉಳಿಸಿದರು.

ಈ ತೊಂದರೆ ನಮ್ಮೊಬ್ಬರದೇ ಅಲ್ಲ. ಮೈಸೂರಿನ ಪೊಲೀಸ್ ಬ್ಯಾಂಡಿನಂಥ ತಂಡಗಳನ್ನು ನೋಡಿ. ನಡೆಯುತ್ತಾ ನುಡಿಸುವ ಬ್ಯಾಂಡಿನವರು ವಾದ್ಯಕ್ಕೇ ಒಂದು ಕ್ಲಿಪ್ಪು ಸಿಕ್ಕಿಸಿ, ಅದರಲ್ಲಿ ಅಂಗೈಯಗಲದ ಕಾರ್ಡು ಇಡುವುದು ಜಗತ್ತಿನಾದ್ಯಂತ ಇರುವ ಪದ್ಧತಿ. ಇಡೀ ಮಾರ್ಚ್ (ನಡಿಗೆಯ ಸಂಗೀತ) ಒಂದೇ ಮುಖದಲ್ಲಿ ಮುಗಿಯುವಂತೆ ಸಣ್ಣಗೆ ಅಚ್ಚು ಹಾಕಿರುತ್ತಾರೆ. ಯಾಕೆಂದರೆ ನಡೆಯುವಾಗ ಪುಟ ತಿರುವಲು ಆಗುವುದಿಲ್ಲ. ಪಿಯಾನೋ ಕಛೇರಿಗಳಲ್ಲಿ ಪಕ್ಕದಲ್ಲಿ ಕೂತು ಪುಟ ತಿರುವಲಿಕ್ಕೇ ಒಬ್ಬರು ಇರುತ್ತಾರೆ. ಆ ಕೆಲಸ ಮಾಡುವವರಿಗೂ ಸಂಗೀತ ಓದಲು ಬರಬೇಕು, ಇಲ್ಲದಿದ್ದರೆ ಯಾವಾಗ ಏಳಬೇಕು ಎಂದು ತಿಳಿಯುವುದಿಲ್ಲ.

ಪರದೆಗೆ ಹೋದವರಲ್ಲಿ ಮೊದಲಿಗರು ಜಾಸ್ ಮತ್ತು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದವರು. ಅಮೆರಿಕದ ಗಾಯಕ, ಪಿಯಾನೋ ವಾದಕ ಹ್ಯಾರಿ ಕಾನಿಕ್ ಜೂನಿಯರ್ ತಮ್ಮ ದೊಡ್ಡ ಬ್ಯಾಂಡಿನ ಎಲ್ಲರ ಮುಂದೆ ಕಂಪ್ಯೂಟರ್ ಪರದೆ ಇಟ್ಟು, ಎಲ್ಲರ ಪುಟಗಳನ್ನೂ ಒಂದಕ್ಕೊಂದು ಹೊಂದಿಸುವ ವ್ಯವಸ್ಥೆಗೆ 2002ರಲ್ಲಿ ಪೇಟೆಂಟ್ ಪಡೆದರು. ಐಪ್ಯಾಡ್ ಬಂದದ್ದು 2010ರಲ್ಲಿ. ಬೆಲ್ಜಿಯಂನ ಬ್ರಸೆಲ್ಸ್ ಫಿಲ್ಹಾರ್ಮೋನಿಕ್ ವಾದ್ಯವೃಂದ 2012ರಲ್ಲಿ ಕಾಗದ ಬದಿಗಿಟ್ಟು ಟ್ಯಾಬ್ಲೆಟ್ ನೋಡಿ ನುಡಿಸಿ ತೋರಿಸಿತು. ನನಗೆ ಹೆಚ್ಚು ಹಿಡಿಸಿದ್ದು ಬೊರೊಮಿಯೊ ಕ್ವಾರ್ಟೆಟ್‌ನವರ ಪ್ರಯೋಗ. ಎರಡು ವಯೊಲಿನ್, ಒಂದು ವಿಯೋಲಾ, ಒಂದು ಚೆಲ್ಲೊ. ನಾಲ್ವರೂ ಲ್ಯಾಪ್‌ಟಾಪ್ ಇಟ್ಟುಕೊಂಡು ಕಾಲಿನ ಪೆಡಲಿನಿಂದ ಪುಟ ತಿರುವುತ್ತಾರೆ. ತಮ್ಮ ಪಾಲನ್ನು ಮಾತ್ರ ಓದುವುದಿಲ್ಲ, ನಾಲ್ವರ ಪಾಲೂ ಇರುವ ಪೂರ್ಣ ಸ್ಕೋರನ್ನೇ ಓದುತ್ತಾರೆ. ಕಾಗದದಲ್ಲಿ ಇದು ಕಷ್ಟ, ಪೂರ್ಣ ಸ್ಕೋರ್ ಇಟ್ಟರೆ ಕೆಲವೇ ಸಾಲಿಗೊಮ್ಮೆ ಪುಟ ತಿರುವಬೇಕಾಗುತ್ತದೆ. ಕೈ ಬಿಡುವಾದ ಕೂಡಲೇ ಪಕ್ಕದವರು ಏನು ನುಡಿಸುತ್ತಿದ್ದಾರೆ ಎಂಬುದು ಕಣ್ಣಿಗೆ ಬೀಳತೊಡಗಿತು. ನಮ್ಮ ತಂಡಗಳಿಗೂ ಇದು ಬೇಕು. ನನ್ನ ಪುಟದಲ್ಲಿ ಈಗ ಕೀಬೋರ್ಡಿನ ಸಾಲಿನ ಮೇಲೆ ಹಾಡಿನ ಸಾಹಿತ್ಯವೂ ಕೊಳಲಿನ ಬಿಟ್ಟೂ ಇರುತ್ತದೆ.

ಇನ್ನು ಸಾಧನದ ವಿಚಾರ. ಎ4 ಹಾಳೆಯ ಕರ್ಣವನ್ನು ಅಳೆದರೆ 14.3 ಇಂಚು ಬರುತ್ತದೆ. ಮಾರುಕಟ್ಟೆಯ ದೊಡ್ಡ ಟ್ಯಾಬ್ಲೆಟ್‌ಗಳು 13 ಇಂಚಿನ ಆಸುಪಾಸಿನವು, ಹಾಳೆಯ ಅಂಚಿನ ಖಾಲಿ ಜಾಗ ಕತ್ತರಿಸಿಬಿಟ್ಟರೆ ಅಕ್ಷರ ಹೆಚ್ಚುಕಡಿಮೆ ಕಾಗದದಷ್ಟೇ ದೊಡ್ಡದು ಕಾಣುತ್ತದೆ. 10 ಇಂಚಿನದೂ ಸಾಕು, ಆದರೆ ಪುಟ ಚಿಕ್ಕದು ಮಾಡಿ ಹೊಸದಾಗಿ ಬರೆದುಕೊಳ್ಳಬೇಕು. ಮೊಬೈಲ್ ಫೋನು ಮಾತ್ರ ಬೇಡವೇ ಬೇಡ. ಜಪಾನಿನವರು 2017ರಲ್ಲಿ ಗ್ವಿಡೊ ಎಂಬ ಸಾಧನ ತಂದರು, 13.3 ಇಂಚಿನ ಎರಡು ಪರದೆಗಳು ಪುಸ್ತಕದಂತೆ ತೆರೆದುಕೊಳ್ಳುತ್ತವೆ, ಇ-ಇಂಕ್ (ತಾನಾಗಿ ಬೆಳಗದ, ಕಾಗದದಂಥ ಪರದೆ) ಆದ್ದರಿಂದ ಬಿಸಿಲಲ್ಲೂ ಕಾಗದದಂತೆ ಓದಬಹುದು. ಚೆಂದದ ಕಲ್ಪನೆ. ಆದರೆ ಅದರ ಬೆಲೆ ನಮ್ಮಂಥವರ ಕೈಗೆಟುಕುವಂತಿರಲಿಲ್ಲ. ಆ್ಯಪ್‌ಗಳಲ್ಲಿ ಐಪ್ಯಾಡಿಗೆ ಫೋರ್‌ಸ್ಕೋರ್, ಆಂಡ್ರಾಯ್ಡಿಗೆ ಮೊಬೈಲ್‌ಶೀಟ್ಸ್ ಹೆಚ್ಚು ಬಳಕೆಯಲ್ಲಿವೆ. ಎರಡೂ ಮಾಡುವ ಕೆಲಸ ಒಂದೇ: ಪಿಡಿಎಫ್ ತೆರೆಯುವುದು, ಅದರ ಮೇಲೆ ಬರೆಯಲು ಬಿಡುವುದು, ಕಾರ್ಯಕ್ರಮದ ಹಾಡುಗಳನ್ನು ಅನುಕ್ರಮವಾಗಿ ಜೋಡಿಸುವುದು, ಪೆಡಲಿಗೆ ಓಗೊಡುವುದು.

ಇದರಲ್ಲಿ ಪಿಡಿಎಫ್ ಮಾಡುವ ಹಂತದಲ್ಲೇ ಕನ್ನಡದವರಿಗೆ ಮೊದಲ ಎಡವಟ್ಟು ಆಗುತ್ತದೆ. ನಮ್ಮ ತಂಡದಲ್ಲಿ ಇನ್ನೂರಕ್ಕೂ ಹೆಚ್ಚು ಹಾಡಿನ ಸಾಹಿತ್ಯ ಹಳೆಯ ಕಂಪ್ಯೂಟರಿನಲ್ಲಿ ಟೈಪ್ ಆಗಿ ಕೂತಿತ್ತು, ಎಲ್ಲ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ. ಟ್ಯಾಬ್ಲೆಟ್ಟಿಗೆ ಹಾಕಿ ತೆರೆದರೆ ಒಂದು ಅಕ್ಷರವೂ ಕನ್ನಡವಲ್ಲ, ಬರೀ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಆ ಫಾಂಟು ಇಲ್ಲದ ಕಡೆ ಅದು ಹಾಗೇ ಕಾಣುವುದು. ಎಲ್ಲ ಸಾಧನಗಳಲ್ಲೂ ಓದಲು ಬರುವ ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ, ಇಲ್ಲವೇ ಆ ಹಳೆಯ ಕಂಪ್ಯೂಟರಿನಲ್ಲೇ ಫಾಂಟು ಒಳಗೊಂಡಂತೆ ಪಿಡಿಎಫ್ ಮಾಡಿ. ಪರಿವರ್ತಿಸಿದರೆ ಒತ್ತಕ್ಷರಗಳನ್ನೂ ಅರ್ಕಾವತ್ತನ್ನೂ ಒಂದೊಂದಾಗಿ ನೋಡಿಕೊಳ್ಳಿ. ಭಾವಗೀತೆಯಲ್ಲಿ ಒಂದು ಒತ್ತು ಬಿದ್ದುಹೋದರೆ ಅರ್ಥವೇ ಬೇರೆಯಾಗಿ, ಅದನ್ನೇ ಗಾಯಕಿ ಹಾಡಿ, ಮುಂದಿನ ಸಾಲಿನಲ್ಲಿ ಕೂತ ಹಿರಿಯರು ಆಮೇಲೆ ಬಂದು ನೊಂದುಕೊಂಡು ಹೇಳಿದ್ದನ್ನು ಕೇಳಿದ್ದೇನೆ.

ಸ್ವರಲಿಪಿಯದು ಇನ್ನೂ ನಾಜೂಕು. ಮೇಲಿನ ಚುಕ್ಕೆ ತಾರಸ್ಥಾಯಿ, ಕೆಳಗಿನ ಚುಕ್ಕೆ ಮಂದ್ರ. ಒಂದು ಅಲ್ಪವಿರಾಮ ಎಂದರೆ ಒಂದು ಅಕ್ಷರಕಾಲ, ಅರ್ಧವಿರಾಮ ಎಂದರೆ ಎರಡು. ಇದನ್ನು ಸಾಮಾನ್ಯ ಕಡತದಲ್ಲಿ ಟೈಪ್ ಮಾಡಿ ಟ್ಯಾಬ್ಲೆಟ್ಟಿನಲ್ಲಿ ತೆರೆದರೆ ಸಾಲು ಎಲ್ಲೆಲ್ಲೋ ಮುರಿದು, ಒಂದು ಆವರ್ತ (ತಾಳದ ಒಂದು ಸುತ್ತು) ಎರಡು ಸಾಲಿಗೆ ಹಂಚಿಹೋಗುತ್ತದೆ, ತಾಳದ ಗೆರೆ ಒಂದರ ಕೆಳಗೊಂದು ಕೂರುವುದಿಲ್ಲ. ಪಿಡಿಎಫ್ ಎಂದರೆ ಪುಟದ ಚಿತ್ರ ಇದ್ದ ಹಾಗೆ, ಕದಲುವುದಿಲ್ಲ. ಅದನ್ನೇ ಬಳಸಿ.

ಕದಲಬಾರದು ಎನ್ನುವುದಕ್ಕೆ ಇನ್ನೊಂದು ಕಾರಣವಿದೆ. ನನ್ನ ಗುರುಗಳು ತೀರಿಕೊಂಡ ಮೇಲೆ ಅವರ ಸ್ವರಲಿಪಿಯ ಪುಸ್ತಕ ನನ್ನ ಕೈಗೆ ಬಂತು. ನೀಲಿ ರಟ್ಟಿನ ಲಾಂಗ್ ನೋಟ್‌ಬುಕ್. ಮೂಲೆಗಳಲ್ಲಿ ಎಣ್ಣೆ ಜಿಡ್ಡು, ಕೆಲವು ಕಡೆ ಕಾಫಿ ಲೋಟದ ದುಂಡು ಕಲೆ. ಕಪ್ಪು ಶಾಯಿಯಲ್ಲಿ ಸ್ವರ, ಕೆಂಪು ಪೆನ್ಸಿಲಿನಲ್ಲಿ ಎಲ್ಲಿ ನಿಲ್ಲಬೇಕು ಎಂಬ ಗುರುತು. ಒಂದು ಕಡೆ ನಿಷಾದದ ಮೇಲೆ ಮೂರು ಸಲ ತಿದ್ದಿ ಕೊನೆಗೆ ಪಕ್ಕದಲ್ಲಿ ‘ನಿಧಾನ’ ಎಂದು ಬರೆದಿದ್ದಾರೆ. ಮೊದಲು ನಾನು ಇದನ್ನೆಲ್ಲ ಅಚ್ಚುಕಟ್ಟಾಗಿ ಟೈಪ್ ಮಾಡಿದೆ. ನುಡಿಸಲು ಕೂತರೆ ತಡವರಿಸಿದೆ. ಯಾಕೆ ಎಂದು ನೋಡಿದರೆ, ನನಗೆ ಆ ಚರಣ ನೆನಪಿದ್ದದ್ದು ಪುಟದ ಜಾಗದೊಂದಿಗೆ: ಬಲಬದಿ, ಕಾಫಿ ಕಲೆಯ ಸ್ವಲ್ಪ ಕೆಳಗೆ. ಟೈಪ್ ಮಾಡಿದ ಪುಟದಲ್ಲಿ ಆ ಜಾಗವೇ ಇರಲಿಲ್ಲ. ಆಮೇಲೆ ನೋಟ್‌ಬುಕ್ಕನ್ನು ಇದ್ದಂತೆಯೇ ಸ್ಕ್ಯಾನ್ ಮಾಡಿಕೊಂಡೆ, ಬಣ್ಣದಲ್ಲೇ. ಕಪ್ಪು ಬಿಳುಪಿನಲ್ಲಿ ಮಾಡಿದರೆ ಕೆಂಪು ಪೆನ್ಸಿಲಿನ ಗುರುತು ಮಾಸಿಹೋಗುತ್ತದೆ. ನಿಮ್ಮ ಮನೆಯಲ್ಲೂ ಇಂಥ ನೋಟ್‌ಬುಕ್ ಇದ್ದರೆ, ಕಾರ್ಯಕ್ರಮಕ್ಕೆ ಬೇಕೋ ಬೇಡವೋ, ಈ ವಾರವೇ ಸ್ಕ್ಯಾನ್ ಮಾಡಿ ಇಡಿ ಎಂದು ಕೈಮುಗಿದು ಕೇಳುತ್ತೇನೆ. ಶಾಯಿ ಕಾಯುತ್ತಾ ಕೂರುವುದಿಲ್ಲ.

ಶ್ರುತಿ ಬದಲಾವಣೆಯ ಬಗ್ಗೆ ಎರಡು ಮಾತು. ಸೌಂಡ್ ಚೆಕ್ ಹೊತ್ತಿಗೆ ಗಾಯಕರು ಬಂದು ‘ಗಂಟಲು ಸರಿಯಿಲ್ಲ ಸಾರ್, ಅರ್ಧ ಇಳಿಸಿಬಿಡಿ’ ಎನ್ನುವುದು ನಿಮಗೂ ಅನುಭವವಿರುತ್ತದೆ. ಸರಿಗಮದ ಪುಟಕ್ಕೆ ಇದರಿಂದ ಏನೂ ಆಗುವುದಿಲ್ಲ. ಷಡ್ಜ ಎಲ್ಲಿಗೆ ಹೋದರೂ ಸ ಎಂದರೆ ಸ. ನಮ್ಮ ಪದ್ಧತಿಯ ಈ ಅನುಕೂಲಕ್ಕೆ ನಾವು ಸಾಕಷ್ಟು ಬೆಲೆ ಕೊಟ್ಟಿಲ್ಲ ಎಂದು ನನಗೆ ಅನ್ನಿಸುತ್ತದೆ. ಆದರೆ ಸ್ಟಾಫ್ ನೊಟೇಷನ್ (ಐದು ಗೆರೆಗಳ ಪಾಶ್ಚಾತ್ಯ ಸ್ವರಲಿಪಿ) ಓದುವ ವಯೊಲಿನ್‌ನವರಿಗೆ, ಕಾರ್ಡ್ಸ್ (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಬರೆದುಕೊಂಡಿರುವ ಗಿಟಾರಿನವರಿಗೆ ಪುಟ ಒಂದೇ ಶ್ರುತಿಗೆ ಕಟ್ಟಿಹಾಕಿದ್ದು. ಪಿಡಿಎಫ್ ಚಿತ್ರವಾದ್ದರಿಂದ ವೇದಿಕೆಯ ಮೇಲೆ ಬದಲಿಸಲಾಗದು. ಹಾಗಾಗಿ ಮ್ಯೂಸ್‌ಸ್ಕೋರ್‌ನಂಥ ಉಚಿತ ತಂತ್ರಾಂಶದಲ್ಲಿ ಒಮ್ಮೆ ಬರೆದು, ಪ್ರತಿ ಹಾಡನ್ನೂ ಮೂಲ ಶ್ರುತಿ, ಅರ್ಧ ಕೆಳಗೆ, ಒಂದು ಕೆಳಗೆ ಎಂದು ಮೂರು ಪಿಡಿಎಫ್ ಮಾಡಿಟ್ಟುಕೊಳ್ಳಿ. ಕಡತದ ಹೆಸರಿನಲ್ಲೇ ಶ್ರುತಿ ಬರೆದಿರಿ.

ಈಗ ಪುಟ ತಿರುವುವುದಕ್ಕೆ ಬರುತ್ತೇನೆ. ಪೆಡಲ್ ಎಂದರೆ ದೊಡ್ಡ ಯಂತ್ರವೇನಲ್ಲ. ಬ್ಲೂಟೂತ್‌ನಿಂದ ಟ್ಯಾಬ್ಲೆಟ್ಟಿಗೆ ಸೇರುವ ಎರಡು ಗುಂಡಿಯ ಕೀಲಿಮಣೆ, ಅಷ್ಟೇ. ಬಲಗಡೆಯದು ಮುಂದಿನ ಪುಟ, ಎಡಗಡೆಯದು ಹಿಂದಿನದು. ನಿಂತು ಅಥವಾ ಕುರ್ಚಿಯಲ್ಲಿ ಕೂತು ಕೀಬೋರ್ಡ್ ನುಡಿಸುವವರ ಬಲಗಾಲು ಸ್ವರವನ್ನು ಎಳೆದು ಹಿಡಿಯುವ ಸಸ್ಟೇನ್ ಪೆಡಲಿನ ಮೇಲಿರುತ್ತದೆ. ಆದ್ದರಿಂದ ಪುಟದ ಪೆಡಲ್ ಎಡಗಾಲಿಗೆ. ಚಪ್ಪಲಿ ಶೂ ಇಲ್ಲದೆ ಒತ್ತಿ ಅಭ್ಯಾಸ ಮಾಡಿ, ಸದ್ದು ಕಮ್ಮಿ, ಎಷ್ಟು ಒತ್ತಿದೆವು ಎಂಬುದೂ ಪಾದಕ್ಕೆ ತಿಳಿಯುತ್ತದೆ. ಜಮಖಾನೆಯ ಮೇಲೆ ಜಾರುತ್ತದೆ, ಕೆಳಗೆ ಎರಡು ಬದಿಯ ಗಮ್ ಟೇಪ್ ಹಚ್ಚಿ.

ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವವರಿಗೆ? ಪೆಡಲ್ ಮಾಡಿದವರು ನಮ್ಮ ಬೈಠಕ್ ನೋಡಿಲ್ಲ. ಹಾರ್ಮೋನಿಯಂ ನುಡಿಸುವಾಗ ನಾನು ಹಲವು ರೀತಿ ಪ್ರಯತ್ನಿಸಿದೆ. ಕೊನೆಗೆ ಕೈಹಿಡಿದದ್ದು ಮಂಡಿ. ಪೆಡಲನ್ನು ಬಲಮಂಡಿಯ ಹೊರ ಅಂಚಿನ ಕೆಳಗೆ, ತೆಳುವಾದ ಪುಸ್ತಕದ ಮೇಲೆ ಇಟ್ಟು, ಮಂಡಿಯನ್ನು ಅರ್ಧ ಇಂಚು ಇಳಿಸಿದರೆ ಒತ್ತುತ್ತದೆ. ಮೊದಲ ವಾರ ತಾಳಕ್ಕೆ ಮಂಡಿ ಕುಣಿಯುವ ಅಭ್ಯಾಸ ಇದ್ದದ್ದರಿಂದ ಪ್ರತಿ ಆವರ್ತಕ್ಕೂ ಪುಟ ತಿರುಗಿತು. ತಾಳವನ್ನು ಇನ್ನೊಂದು ಕಾಲಿನ ಹೆಬ್ಬೆರಳಿಗೆ ವರ್ಗಾಯಿಸಿಕೊಳ್ಳಲು ಒಂದು ತಿಂಗಳು ಬೇಕಾಯಿತು.

ಮುಖದ ಚಲನೆಯಿಂದ ಪುಟ ತಿರುವುವ ಸೌಲಭ್ಯವೂ ಕೆಲವು ಐಪ್ಯಾಡ್‌ಗಳಲ್ಲಿದೆ. ಕಣ್ಣು ಮಿಟುಕಿಸಿದರೆ, ಬಾಯಿಯ ಅಂಚು ಕದಲಿಸಿದರೆ ಪುಟ ಮುಂದಕ್ಕೆ ಹೋಗುತ್ತದೆ. ವಯೊಲಿನ್‌ನವರಿಗೆ ಒಳ್ಳೆಯದು. ಭಾವಗೀತೆ ಹಾಡುವವರು ದಯವಿಟ್ಟು ಇದರ ತಂಟೆಗೆ ಹೋಗಬೇಡಿ. ಭಾವ ಮುಖಕ್ಕೆ ಬರುವುದೇ ನಿಮ್ಮ ಕಲೆ. ಪುಟ ತಿರುಗೀತು ಎಂದು ಹೆದರಿ ಮುಖವನ್ನು ಕಲ್ಲು ಮಾಡಿಕೊಂಡು ಹಾಡುವಂತಾಗಬಾರದು. ತನ್ನಷ್ಟಕ್ಕೆ ಜರುಗುತ್ತಾ ಹೋಗುವ ಪುಟವೂ ನಮಗೆ ಹೊಂದುವುದಿಲ್ಲ. ಜನ ಚಪ್ಪಾಳೆ ತಟ್ಟಿದರೆ ಗಾಯಕರು ಪಲ್ಲವಿಯನ್ನು ಮೂರನೆಯ ಸಲ ತೆಗೆದುಕೊಳ್ಳುತ್ತಾರೆ, ಮಧ್ಯೆ ಒಂದು ಆಲಾಪ ಸೇರಿಸುತ್ತಾರೆ. ಯಂತ್ರಕ್ಕೆ ಅದು ಗೊತ್ತಾಗುವುದಿಲ್ಲ, ಗೊತ್ತಾಗುವುದು ಅವರ ಉಸಿರು ನೋಡುತ್ತಾ ಕೂತ ನಿಮಗೆ.

ಯಾವಾಗ ಒತ್ತಬೇಕು ಎನ್ನುವುದೇ ಮುಖ್ಯ. ಹೊಸಬರು ಪುಟದ ಕೊನೆಯ ಸ್ವರ ನುಡಿಸಿದ ಮೇಲೆ ಒತ್ತುತ್ತಾರೆ. ಅಷ್ಟರಲ್ಲಿ ತಡವಾಗಿರುತ್ತದೆ, ಯಾಕೆಂದರೆ ಓದುವಾಗ ಕಣ್ಣು ಬೆರಳಿಗಿಂತ ಯಾವಾಗಲೂ ನಾಲ್ಕಾರು ಸ್ವರ ಮುಂದಿರುತ್ತದೆ. ಬೆರಳು ಇನ್ನೂ ಕೊನೆಯ ಸಾಲಿನಲ್ಲಿರುವಾಗಲೇ ಕಣ್ಣಿಗೆ ಮುಂದಿನ ಪುಟ ಬೇಕು. ಆ್ಯಪ್‌ಗಳಲ್ಲಿ ಅರ್ಧಪುಟ ತಿರುವುವ ವ್ಯವಸ್ಥೆ ಇರುವುದು ಇದಕ್ಕೇ: ಒಮ್ಮೆ ಒತ್ತಿದರೆ ಪರದೆಯ ಮೇಲರ್ಧದಲ್ಲಿ ಮುಂದಿನ ಪುಟ ಬರುತ್ತದೆ, ಕೆಳಗರ್ಧದಲ್ಲಿ ಈಗಿನ ಪುಟ ಹಾಗೇ ಉಳಿಯುತ್ತದೆ. ಕೆಳಗಿನದು ಮುಗಿಸಿ ಕಣ್ಣು ಮೇಲಕ್ಕೆ ಹೋದರೆ ಮುಂದಿನದು ಸಿದ್ಧ. ಆಮೇಲೆ ನಿಧಾನವಾಗಿ ಇನ್ನೊಮ್ಮೆ ಒತ್ತಿದರಾಯಿತು. ಕಾಗದದಲ್ಲಿ ಎಂದೂ ಸಾಧ್ಯವಿಲ್ಲದ ಅನುಕೂಲ ಇದು. ಎಲ್ಲಿ ಒತ್ತಬೇಕೋ ಆ ಜಾಗದಲ್ಲಿ ನಾನು ಹಸಿರು ಬಣ್ಣದ ಚುಕ್ಕೆ ಇಟ್ಟುಕೊಳ್ಳುತ್ತೇನೆ, ತಾಲೀಮಿನಲ್ಲಿ ಆ ಚುಕ್ಕೆಯನ್ನೂ ಒಂದು ಸ್ವರವೆಂದೇ ತಿಳಿದು ನುಡಿಸುತ್ತೇನೆ.

ಇನ್ನೊಂದು ಉಪಾಯ. ನಮ್ಮ ಹಾಡುಗಳಲ್ಲಿ ಪ್ರತಿ ಚರಣ ಮುಗಿದ ಮೇಲೆ ಪಲ್ಲವಿಗೆ ಹಿಂದಿರುಗಬೇಕು. ಕಾಗದದಲ್ಲಿ ಪುಟ ಹಿಂದಕ್ಕೆ ಮಗುಚುತ್ತಿದ್ದೆವು. ಆ್ಯಪ್‌ಗಳಲ್ಲಿ ಒಂದು ಜಾಗದಿಂದ ಇನ್ನೊಂದಕ್ಕೆ ನೆಗೆಯುವ ಗುರುತು ಹಾಕಬಹುದು, ಆದರೆ ಅದನ್ನು ಸಾಮಾನ್ಯವಾಗಿ ಬೆರಳಿನಿಂದ ಮುಟ್ಟಬೇಕು. ನಾನು ಮಾಡುವುದು ಸರಳ: ಪಲ್ಲವಿ, ಬಿಜಿಎಂ ಒಂದು, ಚರಣ ಒಂದು, ಮತ್ತೆ ಪಲ್ಲವಿಯ ಪುಟದ ಪ್ರತಿ, ಬಿಜಿಎಂ ಎರಡು, ಚರಣ ಎರಡು, ಮತ್ತೆ ಪಲ್ಲವಿ. ಹೀಗೆ ಹಾಡು ಯಾವಾಗಲೂ ಮುಂದಕ್ಕೇ ಹೋಗುತ್ತದೆ. ಕಾಗದದಲ್ಲಿ ಇದು ದುಂದು, ಪರದೆಯಲ್ಲಿ ಖರ್ಚೇ ಇಲ್ಲ.

ವೇದಿಕೆಯ ಕಷ್ಟಗಳನ್ನೂ ಹೇಳದೆ ಹೋದರೆ ನಿಮಗೆ ಮೋಸ ಮಾಡಿದಂತೆ. ಕಲಬುರಗಿ ಕಡೆ ಒಂದು ಏಪ್ರಿಲ್ ಸಂಜೆ, ವೇದಿಕೆ ಪಶ್ಚಿಮಕ್ಕೆ ಮುಖಮಾಡಿತ್ತು. ನಾಲ್ಕೂವರೆಗೆ ಸೌಂಡ್ ಚೆಕ್, ಟ್ಯಾಬ್ಲೆಟ್ಟನ್ನು ಸ್ಟ್ಯಾಂಡಿನ ಮೇಲೆ ಬಿಟ್ಟು ಚಹಾ ಕುಡಿಯಲು ಹೋದೆ. ಇಂಥ ಸಾಧನಗಳಿಗೆ ತಯಾರಕರು ಸಾಮಾನ್ಯವಾಗಿ ಹೇಳುವ ಉಷ್ಣತೆಯ ಮಿತಿ 35 ಡಿಗ್ರಿ. ಅಲ್ಲಿ ನೆರಳಲ್ಲೇ ಅದಕ್ಕಿಂತ ಹೆಚ್ಚಿತ್ತು. ಎರಡನೆಯ ಹಾಡಿನ ನಡುವೆ ಪರದೆ ಮಂಕಾಯಿತು, ಆಮೇಲೆ ತಣ್ಣಗಾಗುವವರೆಗೆ ಕಾಯಿರಿ ಎಂಬ ಸೂಚನೆ ಬಂದು ಕಪ್ಪಾಯಿತು. ಉಳಿದದ್ದನ್ನು ನೆನಪಿನಿಂದ ನುಡಿಸಿದೆ, ಒಂದು ಬಿಟ್ ಪೂರ್ತಿ ಬಿಟ್ಟುಹೋಯಿತು. ಅಂದಿನಿಂದ ಬಿಳಿ ಹತ್ತಿಬಟ್ಟೆಯ ಒಂದು ತುಂಡು ಸದಾ ಚೀಲದಲ್ಲಿರುತ್ತದೆ, ನುಡಿಸದಿದ್ದಾಗ ಪರದೆ ಅದರ ಕೆಳಗೆ. ಬಿಸಿಲಲ್ಲಿ ಚಾರ್ಜಿಗೆ ಹಾಕುವುದಿಲ್ಲ, ಅದರಿಂದಲೂ ಬಿಸಿಯಾಗುತ್ತದೆ.

ಮಳೆಗಾಲದ ರಾತ್ರಿಗೆ ಹುಳುಗಳು. ಕತ್ತಲಲ್ಲಿ ನಿಮ್ಮ ಪರದೆಯೇ ಹತ್ತಿರದ ದೀಪ. ಬೆಳಕು ಕಮ್ಮಿ ಮಾಡಿ, ಹಿನ್ನೆಲೆಯನ್ನು ಹಳದಿಗೆ ತಿರುಗಿಸಿ. ಒಂದು ಹನಿ ನೀರು ಅಥವಾ ಬೆವರು ಬಿದ್ದರೂ ಪರದೆ ಅದನ್ನು ಬೆರಳೆಂದು ತಿಳಿಯಬಹುದು. ಹಾಗಾಗಿ ಆ್ಯಪ್‌ನಲ್ಲಿ ಕಾರ್ಯಕ್ರಮದ ಹೊತ್ತಿಗೆಂದೇ ಇರುವ ಸ್ಥಿತಿಗೆ ಹಾಕಿ, ಆಗ ಪುಟ ತಿರುವುವುದು ಬಿಟ್ಟು ಬೇರೇನೂ ತೆರೆದುಕೊಳ್ಳುವುದಿಲ್ಲ. ಏರೋಪ್ಲೇನ್ ಮೋಡ್ ಹಾಕಿ, ಆಮೇಲೆ ಬ್ಲೂಟೂತ್ ಮಾತ್ರ ಮತ್ತೆ ಆನ್ ಮಾಡಿ, ಇಲ್ಲದಿದ್ದರೆ ಪೆಡಲ್ ಕೆಲಸ ಮಾಡುವುದಿಲ್ಲ. ಪರದೆ ತಾನಾಗಿ ಆರಿಹೋಗುವುದನ್ನು ನಿಲ್ಲಿಸಿ. ಎಲ್ಲ ಪುಟಗಳೂ ಸಾಧನದೊಳಗೇ ಇರಲಿ, ಹಳ್ಳಿಯ ಜಾತ್ರೆಯಲ್ಲಿ ನೆಟ್‌ವರ್ಕ್ ಹುಡುಕುತ್ತಾ ನಿಲ್ಲಬೇಡಿ. ಕಾರ್ಯಕ್ರಮದ ವಾರದಲ್ಲಿ ಅಪ್‌ಡೇಟ್ ಮಾಡಬೇಡಿ. ಮತ್ತೆ, ಪ್ರತಿ ಹಾಡಿಗೂ ಒಂದೇ ಒಂದು ಕಾಗದದ ಹಾಳೆ, ಅದರಲ್ಲಿ ಶ್ರುತಿ, ತಾಳ, ಬಿಜಿಎಂಗಳ ಮೊದಲ ಎರಡು ಆವರ್ತ. ಈ ಕಡತ ಇಂದಿಗೂ ನನ್ನ ಸ್ಟೂಲಿನ ಕೆಳಗಿದೆ.

‘ನೋಡಿಕೊಂಡು ಹಾಡುವುದು, ನುಡಿಸುವುದು ಸರಿಯೇ?’ ಎಂದು ಒಬ್ಬರು ಚೀಟಿ ಕಳಿಸಿದ್ದಾರೆ. ಕರ್ನಾಟಕ ಶಾಸ್ತ್ರೀಯ ಕಛೇರಿಯಲ್ಲಿ ಕಂಠಪಾಠವೇ ಪದ್ಧತಿ, ಅಲ್ಲಿ ಮನೋಧರ್ಮಕ್ಕೆ, ಅಂದರೆ ಆ ಕ್ಷಣಕ್ಕೆ ತಾವೇ ಕಟ್ಟಿಕೊಂಡು ಹಾಡುವುದಕ್ಕೆ, ಪುಟ ಅಡ್ಡ ಬರುತ್ತದೆ. ಅದನ್ನು ಬದಲಿಸಿ ಎಂದು ನಾನು ಎಂದೂ ಹೇಳುವುದಿಲ್ಲ. ಸುಗಮ ಸಂಗೀತದ ಮಾತು ಬೇರೆ. ಒಂದು ಸಂಜೆಗೆ ಹದಿನೆಂಟು ಹಾಡು, ನಾಲ್ವರು ಗಾಯಕರು, ಅದರಲ್ಲಿ ಇಬ್ಬರನ್ನು ಅಂದೇ ಮೊದಲ ಸಲ ನೋಡುತ್ತಿರುತ್ತೇವೆ. ಕವಿಯ ಪದ ಒಂದೂ ತಪ್ಪಬಾರದು ಎಂದಾದರೆ ಎದುರಿಗೆ ಪುಟವಿರುವುದು ಕವಿತೆಗೆ ತೋರುವ ಗೌರವ. ನನಗೆ ನೋವಾಗುವುದು ಫೋನನ್ನು ಅಂಗೈಯಲ್ಲಿ ಹಿಡಿದು, ತಲೆ ತಗ್ಗಿಸಿ, ಹೆಬ್ಬೆರಳಿನಿಂದ ಸಾಲು ಜರುಗಿಸುತ್ತಾ ಹಾಡುವುದನ್ನು ನೋಡಿದಾಗ. ಕೇಳುಗರಿಗೆ ಅವರ ಕಣ್ಣು ಕಾಣುವುದಿಲ್ಲ. ಸ್ಟ್ಯಾಂಡನ್ನು ಎದೆಗಿಂತ ಕೆಳಗೆ, ಸ್ವಲ್ಪ ಬದಿಗೆ ಇಟ್ಟು, ಅಕ್ಷರ ದೊಡ್ಡದು ಮಾಡಿ. ಸಾಲಿಗೊಮ್ಮೆ ಕಣ್ಣು ಇಳಿದು ಮತ್ತೆ ಜನರತ್ತ ಬರಲಿ.

ಹಂಚಿಕೊಳ್ಳುವ ಬಗ್ಗೆಯೂ ಕೇಳಿದ್ದೀರಿ. ವಚನಗಳು, ದಾಸರ ಪದಗಳು ಎಲ್ಲರವು. ಆದರೆ ನಮ್ಮ ದೇಶದಲ್ಲಿ ಕವಿ ತೀರಿಕೊಂಡ ಮೇಲೂ 60 ವರ್ಷ ಕೃತಿಸ್ವಾಮ್ಯ ಇರುತ್ತದೆ, ಭಾವಗೀತೆಗಳಲ್ಲಿ ಬಹುಪಾಲು ಇನ್ನೂ ಅದರೊಳಗಿವೆ. ನೀವು ಕೊಂಡ ಸ್ವರಲಿಪಿ ಪುಸ್ತಕವನ್ನು ನಿಮ್ಮ ನುಡಿಸಾಣಿಕೆಗೆ ಸ್ಕ್ಯಾನ್ ಮಾಡಿಕೊಳ್ಳುವುದು ಒಂದು, ಅದನ್ನು ವಾಟ್ಸಾಪ್ ಗುಂಪಿಗೆ ಹಾಕುವುದು ಇನ್ನೊಂದು. ಸ್ವರಲಿಪಿ ಪುಸ್ತಕ ಅಚ್ಚು ಹಾಕುವವರೇ ಕನ್ನಡದಲ್ಲಿ ಕಮ್ಮಿ. ಇರುವವರ ಪುಸ್ತಕ ಕೊಂಡುಕೊಳ್ಳಿ.

ಮಾತು ಇಷ್ಟು ಸಾಕು. ಇಲ್ಲಿ ಜಮಖಾನೆ ಹಾಸಿದೆ, ಹಾರ್ಮೋನಿಯಂ ಇದೆ, ಟ್ಯಾಬ್ಲೆಟ್ಟಿನಲ್ಲಿ ಒಂದು ದಾಸರ ಪದ ಏಳು ಪುಟವಾಗಿ ಜೋಡಿಸಿಟ್ಟಿದ್ದೇನೆ, ಹಸಿರು ಚುಕ್ಕೆಗಳನ್ನು ಬೇಕೆಂದೇ ಇಟ್ಟಿಲ್ಲ. ಯಾರಾದರೂ ಬಂದು ಕೂತುಕೊಳ್ಳಿ. ಪೆಡಲ್ ಮಂಡಿಯ ಕೆಳಗೆ ಇಡೋಣ, ಚುಕ್ಕೆ ಎಲ್ಲಿ ಬರಬೇಕು ಎಂದು ನುಡಿಸುತ್ತಾ ನೀವೇ ಹೇಳಿ, ನಾನು ಬರೆದುಕೊಳ್ಳುತ್ತೇನೆ.